ಒರಳುಗುಡ್ಡ ಮಲಗಿದೆಯೇ

ಗೋಣಿಬೀಡು
11 ನವೆಂಬರ್ 2001

ಜಮೀಲಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಜಗಳ.

ನಿನ್ನೆ ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಕೂತಿದ್ದಾಗ ಯಾರೋ ಕಿಟಕಿಯೊಳಗೆ ಒಂದು ಹಳದಿ ಚೀಟಿ ಎಸೆದು ಹೋದರು. ‘ಕಳಸದ ಹತ್ತಿರ ಜ್ವಾಲಾಮುಖಿ! ತಪ್ಪದೆ ನೋಡಿ. ಜೀಪ್ ಸೌಲಭ್ಯ ಉಂಟು. ಆಕಿಬ್, ಮೊಹಿದ್ದೀನ್ ಗ್ಯಾರೇಜ್, ಕಳಸ.’ ಕೆಳಗೆ ಬೆಂಕಿ ಕಾರುವ ಬೆಟ್ಟದ ಚಿತ್ರ, ಅದರ ಬುಡದಲ್ಲಿ ಎರಡು ತೆಂಗಿನ ಮರ. ನಿನ್ನ ಮಗನ ಹೆಸರು ಇಲ್ಲದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ.

ಕಂಡಕ್ಟರನನ್ನು ಕೇಳಿದೆ, “ಯಾವ ಬೆಟ್ಟ ಮಾರಾಯ ಇದು?”

“ಸಂಸೆ ಹತ್ರದ್ದು ಅಮ್ಮ. ತುದೀಲಿ ದುಂಡಗೆ ಗುಂಡಿ ಉಂಟಲ್ಲ, ಅದು. ಒಳಗೆ ಬೆಂಕಿ ಉಂಟಂತೆ.”

ಒರಳುಗುಡ್ಡ! ನನ್ನಪ್ಪ ಅದರ ಕೆಳಗಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ನಿನ್ನಪ್ಪನ ಅಂಗಡಿ ಅದೇ ಎಸ್ಟೇಟಿನ ಗೇಟಿನೆದುರು. ನಾವಿಬ್ಬರೂ ರಜೆಯಲ್ಲಿ ಹತ್ತದ ದಿನವಿತ್ತೇ? ಆ ಗುಂಡಿಯಲ್ಲಿ ಮಳೆನೀರು ನಿಂತು ಗೊದಮೊಟ್ಟೆ ಓಡಾಡುತ್ತಿದ್ದವು. ನಿನ್ನ ಒಂದು ಚಪ್ಪಲಿ ಅದರಲ್ಲೇ ಮುಳುಗಿ, ನಿಮ್ಮಮ್ಮ ನಿನಗೂ ನನಗೂ ಒಟ್ಟಿಗೆ ಬೈದರು. ಬೆಂಕಿ ಎಲ್ಲಿತ್ತು?

ನಮ್ಮ ಸೀಮೆಯವರು ಹೆಸರಿಡುವಾಗ ಕೆಳಗೆ ನಿಂತು ನೋಡಿ ಕಂಡದ್ದನ್ನು ಹೇಳಿದರು. ಕುದುರೆಯ ಮುಖ ಕಂಡರೆ ಕುದುರೆಮುಖ, ಎತ್ತಿನ ಭುಜ ಕಂಡರೆ ಎತ್ತಿನಭುಜ. ಸಿದ್ಧನೊಬ್ಬ ಕೂತಿದ್ದನೆಂದು ನಂಬಿದರೆ ಗಿರಿ, ಅರಸ ಕೋಟೆ ಕಟ್ಟಿದ್ದರೆ ದುರ್ಗ, ಮೈಯೆಲ್ಲ ಬಂಡೆಯಾದರೆ ಕಲ್ಲು. ಎತ್ತರಕ್ಕೂ ಹೆಸರಿಗೂ ಸಂಬಂಧವೇ ಇಲ್ಲ. ಮೇರುತಿ ಅಷ್ಟು ಎತ್ತರವಿದ್ದೂ ಗುಡ್ಡವಾಗಿಯೇ ಉಳಿಯಿತು. ಸೌದೆಗೆ ಹೋಗುವುದು ಗುಡ್ಡ, ಹರಕೆ ಹೊತ್ತು ಹೋಗುವುದು ಬೆಟ್ಟ, ಪಠ್ಯಪುಸ್ತಕದಲ್ಲಿರುವುದು ಪರ್ವತ. ಇದು ನನ್ನ ಲೆಕ್ಕ. ತುದಿಯಲ್ಲಿ ಒರಳಿನಂಥ ಕುಳಿ ಇದ್ದದ್ದಕ್ಕೆ ಒರಳುಗುಡ್ಡ ಎಂದರು. ಎಷ್ಟು ಮರ್ಯಾದೆಯ ಹೆಸರು! ಅದನ್ನು ಅಳಿಸಿ ಜ್ವಾಲಾಮುಖಿ ಎಂದು ಬರೆಯಲು ಆಕಿಬನಿಗೆ ಅಧಿಕಾರ ಕೊಟ್ಟವರು ಯಾರು?

ಪತ್ರಿಕೆಗೆ ಬರೆದು ಹಾಕಿದ್ದೇನೆ. ಅವನ ಹೆಸರೆತ್ತಿಲ್ಲ, ಹೆದರಬೇಡ. ಯಾವುದನ್ನಾದರೂ ಜ್ವಾಲಾಮುಖಿ ಎನ್ನುವ ಮೊದಲು ಅದು ಜಾಗೃತವೋ ಸುಪ್ತವೋ ಲುಪ್ತವೋ ತಿಳಿದಿರಬೇಕು. ಜಾಗೃತ ಎಂದರೆ ಉಗುಳುತ್ತಿರುವುದು, ಸುಪ್ತ ಎಂದರೆ ನಿದ್ದೆ ಹೋಗಿ ಮತ್ತೆ ಏಳಬಹುದಾದದ್ದು, ಲುಪ್ತ ಎಂದರೆ ಸತ್ತದ್ದು. ನಮ್ಮ ದೇಶದಲ್ಲಿ ಎಚ್ಚರವಾಗಿರುವುದು ಅಂಡಮಾನಿನ ಕಡಲಿನಲ್ಲಿದೆಯೇ ಹೊರತು ಸಂಸೆಯಲ್ಲಲ್ಲ ಎಂದು ಬರೆದಿದ್ದೇನೆ. ಅವನಿಗೂ ಓದಿ ಹೇಳು.

ಸಿಟ್ಟಿನಲ್ಲಿ, ಆದರೆ ನಿನ್ನವಳೇ,
ಅಂಬುಜಾ


ಕಳಸ
29 ನವೆಂಬರ್ 2001

ಅಂಬುಜಾ,

ನಿನ್ನ ಕಾಗದ ಬಂದ ದಿನವೇ ಪತ್ರಿಕೆಯಲ್ಲಿ ನಿನ್ನ ಬರಹವೂ ಬಂತು. ಲೈಬ್ರರಿ ಕೆಲಸದಿಂದ ನಿವೃತ್ತಳಾದರೂ ಊರಿಗೆಲ್ಲ ಪಾಠ ಹೇಳುವುದು ನೀನು ಬಿಟ್ಟಿಲ್ಲ. ಆಕಿಬನಿಗೆ ಓದಿ ಹೇಳಬೇಕಾಗಲಿಲ್ಲ, ಅವನೇ ಕತ್ತರಿಸಿ ಇಟ್ಟುಕೊಂಡಿದ್ದ.

“ಉಮ್ಮಾ, ಅಂಬುಜಾಂಟಿ ಎಷ್ಟು ಉಪಕಾರ ಮಾಡಿದ್ರು ನೋಡಿ. ನನಗೆ ಇದರಲ್ಲಿ ಜಾತಿ ಉಂಟು ಅಂತಲೇ ಗೊತ್ತಿರಲಿಲ್ಲ.”

“ಎಂತ ಜಾತಿ?”

“ಮೂರು. ಜಾಗೃತ ಅಂದ್ರೆ ಜನ ಹೆದರಿ ಬರುದಿಲ್ಲ. ಲುಪ್ತ ಅಂದ್ರೆ ಸತ್ತದ್ದು, ಸತ್ತದ್ದನ್ನು ನೋಡ್ಲಿಕ್ಕೆ ಬೆಂಗಳೂರಿನಿಂದ ಯಾರು ಬರ್ತಾರೆ? ಸುಪ್ತ ಸರಿ. ಮಲಗಿದೆ, ಏಳ್ತದೋ ಏನೋ. ಅರ್ಧ ಹೆದರಿಕೆ, ಅರ್ಧ ಖುಷಿ.”

ಮರುದಿನವೇ ಸಂಸೆ ದಾರಿಯಲ್ಲಿ ಬೋರ್ಡು ಎದ್ದಿತು: ‘ಸುಪ್ತ ಜ್ವಾಲಾಮುಖಿಗೆ ದಾರಿ’. ನನಗೆ ನಗು ತಡೆಯಲಾಗಲಿಲ್ಲ, ಕ್ಷಮಿಸು. ನಮ್ಮ ಮನೆಯವರು ಮಾತ್ರ, “ಅಂಬುಜಮ್ಮನಿಗೆ ಗೊತ್ತಾದ್ರೆ ಗುಡ್ಡ ಅಲ್ಲ, ಅವರೇ ಸ್ಫೋಟ ಆಗ್ತಾರೆ” ಎಂದು ಸ್ಪ್ಯಾನರ್ ಕೆಳಗಿಟ್ಟರು.

ಈಗ ನನ್ನ ಮಾತು ಕೇಳು. ಕಾಫಿ ಬೆಲೆ ಬಿದ್ದ ಮೇಲೆ ಎಸ್ಟೇಟಿನವರು ಜೀಪು ರಿಪೇರಿಗೂ ತರುತ್ತಿಲ್ಲ. ಗ್ಯಾರೇಜಿನ ಬಾಗಿಲು ತೆಗೆದಿಟ್ಟು ಕೂರುವುದಷ್ಟೇ ಕೆಲಸವಾಗಿತ್ತು. ಈಗ ಭಾನುವಾರ ನಾಲ್ಕು ಜನ ಬರುತ್ತಾರೆ. ಗುಡ್ಡದ ಬುಡದಲ್ಲಿ ಎಸ್ಟೇಟಿನ ಕೆಲಸದವರ ಸಾಲುಮನೆಗಳ ಲೈನಿನಲ್ಲಿ ರಾಮಮ್ಮ ಇದ್ದಾಳಲ್ಲ, ನಮ್ಮ ಕಾಲದಲ್ಲಿ ಹೊಸ ಸೊಸೆಯಾಗಿ ಬಂದವಳು, ಅವಳು ಬಂದವರಿಗೆ ಟೀ, ಕಡುಬು ಮಾರುತ್ತಾಳೆ. ಒಬ್ಬ ಕೇಳಿದನಂತೆ, “ರಾತ್ರಿ ಏನಾದ್ರೂ ಸದ್ದು ಬರುತ್ತಾ ಅಜ್ಜಿ?” ಅವಳು ತಡವಿಲ್ಲದೆ, “ಬರ್ತದೆ ಸ್ವಾಮಿ, ಗುಡುಗುಡು ಅಂತದೆ. ಇನ್ನೊಂದು ಕಡುಬು ಕೊಡ್ಲಾ?” ಎಂದಳಂತೆ.

ಇನ್ನು ಹೆಸರಿನ ವಿಷಯ. ಹೊರನಾಡಿನ ಕಡೆಯಿಂದ ನೋಡಿದರೆ ಕುಳಿ ಕಾಣುವುದಿಲ್ಲ, ಆ ಕಡೆಯವರು ಅದನ್ನು ಎಮ್ಮೆಬೆನ್ನು ಎನ್ನುತ್ತಾರೆ. ನಿನಗೆ ಒರಳು, ಅವರಿಗೆ ಎಮ್ಮೆ. ಒಂದು ಗುಡ್ಡಕ್ಕೆ ಎರಡು ಹೆಸರು ತಡೆಯುತ್ತದೆ ಎಂದರೆ ಮೂರನೆಯದಕ್ಕೆ ಯಾಕೆ ಮುನಿಸು?

ನಗುತ್ತಾ,
ಜಮೀಲುನ್ನೀಸಾ


ಗೋಣಿಬೀಡು
8 ಡಿಸೆಂಬರ್ 2001

ಜಮೀಲಾ,

ಒರಳು ಎಂದವನೂ ಎಮ್ಮೆ ಎಂದವನೂ ಗುಡ್ಡವನ್ನು ನೋಡಿ ಹೇಳಿದರು. ನಿನ್ನ ಮಗ ಗಿರಾಕಿಯ ಮುಖ ನೋಡಿ ಹೇಳುತ್ತಿದ್ದಾನೆ. ವ್ಯತ್ಯಾಸ ನಿನಗೆ ಗೊತ್ತಿಲ್ಲದೆ ಇಲ್ಲ.

ಸುಪ್ತ ಎಂಬುದು ಆಟದ ಮಾತಲ್ಲ. ಲುಪ್ತ ಎಂದಿದ್ದರೆ ಅದು ಹಸಿ ಸುಳ್ಳು, ಅಷ್ಟೆ. ಯಾರಿಗೂ ನೋವಿಲ್ಲ. ಸುಪ್ತ ಎಂದರೆ ಅಪಾಯವಿದೆ ಎಂದು ಸರ್ಕಾರದ ದಾರಿಯ ಪಕ್ಕ ಬೋರ್ಡು ಹಾಕಿದ ಹಾಗೆ. ಒಂದಕ್ಷರದಲ್ಲಿ ಇಷ್ಟು ಅಂತರ. ನಾವು ಓದಿದವರು ಅಕ್ಷರವನ್ನು ಹೀಗೆ ಸಡಿಲ ಬಿಟ್ಟರೆ ಆಮೇಲೆ ಅದನ್ನು ಎತ್ತಿಕೊಳ್ಳುವವರು ಯಾರು ಯಾರೋ.

ನನಗೆ ನೆನಪಿದೆ, ಕುದುರೆಮುಖಕ್ಕೆ ಗಣಿ ಕಂಪನಿ ಬಂದ ವರ್ಷ ಅಲ್ಲಿಯ ಸಣ್ಣ ಸಣ್ಣ ಗುಡ್ಡಗಳಿಗೆಲ್ಲ ಹೆಸರಿತ್ತು. ಎರಡು ಮಳೆಗಾಲ ಕಳೆಯುವುದರೊಳಗೆ ಅಲ್ಲಿ ಕೆಲಸ ಮಾಡುವವರೇ ನಂಬರು ಹೇಳಿ ಗುರುತಿಸತೊಡಗಿದರು. ಹೆಸರು ಹೋದ ಮೇಲೆ ಅದನ್ನು ಅಗೆಯುವುದಕ್ಕೆ ಯಾರಿಗೂ ಸಂಕೋಚವಾಗಲಿಲ್ಲ. ಆಗಲೂ ಬರೆದೆ. ಆಗಲೂ ಜನ ನಕ್ಕರು.

ಬೋರ್ಡು ತೆಗೆಸು. ಇಲ್ಲವಾದರೆ ಇನ್ನೊಂದು ಸಲ ಪತ್ರಿಕೆಗೆ ಬರೆಯುತ್ತೇನೆ, ಈ ಸಲ ಹೆಸರು ಹಾಕಿ.

ಅಂಬುಜಾ


ಕಳಸ
3 ಫೆಬ್ರವರಿ 2002

ಅಂಬುಜಾ,

ತಡವಾಯಿತು. ಕೂಡಲೇ ಬರೆದಿದ್ದರೆ ಬರೆಯಬಾರದ್ದನ್ನು ಬರೆಯುತ್ತಿದ್ದೆ.

ನಿನ್ನ ಅಕ್ಷರಕ್ಕೆ ಅಪಚಾರವಾದರೆ ನಿನಗೆ ನಿದ್ದೆ ಬರುವುದಿಲ್ಲ, ಒಪ್ಪಿದೆ. ನನ್ನ ಮಗ ಬೆಳಿಗ್ಗೆ ಜೀಪು ತೊಳೆದು ನಿಲ್ಲಿಸಿ ಸಂಜೆಯವರೆಗೆ ಯಾರೂ ಬಾರದೆ ಕೂತರೆ ನನಗೆ ಬರುವುದಿಲ್ಲ. ಅವನ ಹೆಸರು ಪತ್ರಿಕೆಯಲ್ಲಿ ಬಂದರೆ ಈ ಊರಿನಲ್ಲಿ, ಈ ದಿನಗಳಲ್ಲಿ, ಅದನ್ನು ಬರೀ ಬೋರ್ಡಿನ ವಿಷಯ ಎಂದು ಎಲ್ಲರೂ ಓದುವುದಿಲ್ಲ. ಅದು ನಿನಗೆ ಹೊಳೆಯಲಿಲ್ಲವೆಂದು ನಾನು ನಂಬುತ್ತೇನೆ.

ಬರೆಯಬೇಡ. ಕೇಳಿಕೊಳ್ಳುತ್ತಿದ್ದೇನೆ ಎಂದೇ ಇಟ್ಟುಕೋ.

ಜಮೀಲುನ್ನೀಸಾ


ಗೋಣಿಬೀಡು
10 ಫೆಬ್ರವರಿ 2002

ಜಮೀಲಾ,

ಬರೆಯುವುದಿಲ್ಲ.

ಅಂಬುಜಾ


ಕಳಸ
19 ಜುಲೈ 2002

ಅಂಬುಜಾ,

ಐದು ತಿಂಗಳಿನಿಂದ ಮಾತಿಲ್ಲ. ಬಕ್ರೀದಿಗೆ ನಿನ್ನ ಕಾರ್ಡು ಬರಲಿಲ್ಲ, ಯುಗಾದಿಗೆ ನಾನೂ ಹಾಕಲಿಲ್ಲ. ಅದೆಲ್ಲ ಇರಲಿ. ಈಗ ಬರೆಯುವ ಅಗತ್ಯ ಬಿದ್ದಿದೆ.

ನಮ್ಮಪ್ಪಂದಿರ ಕಾಲದ ಆ ಎಸ್ಟೇಟನ್ನು ಶಾಂತವೀರಪ್ಪ ಎನ್ನುವವರು ಕೊಂಡಿದ್ದಾರೆ. ಬಯಲುಸೀಮೆಯವರು, ಕಾಫಿಯ ಮೇಲೆ ಮನಸ್ಸಿಲ್ಲ. ಗುಡ್ಡದ ಬುಡದಲ್ಲಿ ಪ್ರವಾಸಿಗರಿಗೆ ಕಾಟೇಜು ಕಟ್ಟುವ ಆಸೆ. ಆ ಜಾಗದಲ್ಲಿ ಲೈನಿದೆ. ರಾಮಮ್ಮ, ಅವಳ ಗಂಡ ಚೌಡಯ್ಯ, ಇನ್ನೂ ಕೆಲವು ಹಳೆಯ ಕೆಲಸದವರ ಮನೆಗಳು. ಕಳೆದ ವಾರ ಜೋರು ಮಳೆಯಲ್ಲಿ ರಾಮಮ್ಮ ಗೊರಬು ಹೊದ್ದುಕೊಂಡು ನಮ್ಮ ಮನೆಗೆ ಬಂದಳು. ಕೈಯಲ್ಲಿ ನೋಟೀಸು.

“ಇದರಲ್ಲಿ ಎಂತ ಬರೆದಿದ್ದಾರೆ ಓದಿ ಹೇಳಿ ಅಮ್ಮ.”

ಓದಿದೆ. ಲೈನು ಸುಪ್ತ ಜ್ವಾಲಾಮುಖಿಯ ತಪ್ಪಲಲ್ಲಿರುವುದರಿಂದ ನಿವಾಸಿಗಳ ಪ್ರಾಣರಕ್ಷಣೆಗಾಗಿ ಮನೆಗಳನ್ನು ತೆರವು ಮಾಡಬೇಕು, ತಾಲ್ಲೂಕು ಕಚೇರಿಗೂ ಅರ್ಜಿ ಹೋಗಿದೆ ಎಂದಿತ್ತು.

“ಮನೆ ಬಿಡ್ಬೇಕು ಅಂತ ಬರೆದಿದ್ದಾರೆ, ರಾಮಮ್ಮ.”

“ಯಾಕಂತೆ?”

“ಗುಡ್ಡ ಸ್ಫೋಟ ಆಗ್ತದಂತೆ.”

ಅವಳು ನನ್ನನ್ನೇ ನೋಡಿದಳು. “ಅದು ನಮ್ಮ ಆಕಿಬಣ್ಣನ ಗುಡ್ಡ ಅಲ್ವಾ ಅಮ್ಮ? ಅಣ್ಣನಿಗೆ ಹೇಳಿ ಬೇಡ ಅನ್ಸಿ.”

ಇದು ನನ್ನ ಎದೆಯಲ್ಲಿ ಕೂತುಬಿಟ್ಟಿದೆ. ಅವಳಿಗೆ ಅದು ಯಾರೋ ಹಚ್ಚಿದ್ದು, ಬೇಕೆಂದಾಗ ಆರಿಸಬಹುದಾದದ್ದು.

ಈಗ ಬರೆ. ಹೆಸರು ಹಾಕಿಯೇ ಬರೆ. ಅದು ಜ್ವಾಲಾಮುಖಿ ಅಲ್ಲ ಎಂದು ನಿನ್ನ ಭಾಷೆಯಲ್ಲಿ ಬರೆ. ನಾನೇ ತಡೆದಿದ್ದೆ, ನಾನೇ ಕೇಳುತ್ತಿದ್ದೇನೆ.

ಜಮೀಲಾ


ಗೋಣಿಬೀಡು
16 ಆಗಸ್ಟ್ 2002

ಜಮೀಲಾ,

ನಿನ್ನ ಕಾಗದ ಬಂದ ದಿನವೇ ಬರೆದು ಕಳಿಸಿದೆ. ಚಿಕ್ಕಮಗಳೂರಿಗೆ ಹೋಗಿ ಕಾಲೇಜಿನಲ್ಲಿ ಭೂಗರ್ಭ ಪಾಠ ಮಾಡುವವರನ್ನು ಹುಡುಕಿ ಕೇಳಿದೆ. ನಮ್ಮ ಕಲ್ಲುಗಳು ಭೂಮಿಯ ಅತಿ ಹಳೆಯ ಕಲ್ಲುಗಳ ಪೈಕಿಯವು, ಅವುಗಳಲ್ಲಿ ಕೆಲವು ಭೂಮಿಯ ಎಳೆವಯಸ್ಸಿನಲ್ಲಿ ಬೆಂಕಿಯಿಂದ ಬಂದಿರಲೂಬಹುದು, ಆದರೆ ಈಗಿನ ಗುಡ್ಡಕ್ಕೆ ಆ ಆಕಾರ ಕೊಟ್ಟದ್ದು ಮಳೆ, ಕುಳಿ ನೀರು ಸವೆಸಿದ್ದು ಎಂದರು. ಅದನ್ನೂ ಹಿಂದೆಯೇ ಬರೆದು ಕಳಿಸಿದೆ. ಪತ್ರಿಕೆಯವರು ಮೂರು ಸಾಲಿಗೆ ಇಳಿಸಿ, ಬೀದಿದೀಪದ ದೂರಿನ ಕೆಳಗೆ ಹಾಕಿದ್ದಾರೆ. ಲೈನಿನ ಮಾತೇ ಇಲ್ಲ.

ಮೂಡಿಗೆರೆ ಕಚೇರಿಗೂ ಹೋಗಿದ್ದೆ. ಮೇಜಿನ ಹಿಂದಿದ್ದವರು ಸಾವಧಾನವಾಗಿಯೇ ಮಾತಾಡಿದರು. “ನೀವು ಹೇಳೋದು ಸರಿ ಇರಬಹುದು ಮೇಡಂ. ಆದರೆ ಬೋರ್ಡ್ ಬಿದ್ದು ಎಂಟೊಂಬತ್ತು ತಿಂಗಳಾಯ್ತು, ಊರವರು ಯಾರೂ ಬೇಡ ಅಂದಿಲ್ಲ. ಅರ್ಜಿಯ ಜೊತೆ ನೀವೇ ಬರೆದ ಪತ್ರಿಕೆಯ ತುಣುಕನ್ನೂ ಲಗತ್ತಿಸಿದ್ದಾರೆ. ಸುಪ್ತ ಅಂದ್ರೆ ಮತ್ತೆ ಏಳಬಹುದು ಅಂತ ನೀವೇ ಬರೆದಿದ್ದೀರಲ್ಲ?”

ನನ್ನ ವಾಕ್ಯವೇ, ಜಮೀಲಾ. ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿ. ಎಚ್ಚರವಾಗಿರುವುದು ಸಂಸೆಯಲ್ಲಿಲ್ಲ ಎಂದಷ್ಟೇ ಬರೆದಿದ್ದೆ, ಮಲಗಿರುವುದೂ ಇಲ್ಲ ಎಂದು ಬರೆದಿರಲಿಲ್ಲ. ಎಷ್ಟು ಅರ್ಜಿ ಬರೆದಿದ್ದೇನೆ, ಎಷ್ಟು ಕಚೇರಿಯ ಮೆಟ್ಟಿಲು ಹತ್ತಿದ್ದೇನೆ. ನನ್ನ ಅಕ್ಷರವೇ ನನ್ನೆದುರು ನಿಂತದ್ದು ಇದೇ ಮೊದಲು. ಬಸ್ಸಿಗೆ ಕಾಯಲೂ ಆಗದೆ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯವರೆಗೆ ನಡೆದೆ.

ಸ್ಥಳ ತನಿಖೆಗೆ ಸಾಹೇಬರು ಬರುತ್ತಾರಂತೆ. ನನ್ನ ಭೂಗರ್ಭ ಶಾಸ್ತ್ರ ಅಲ್ಲಿ ನಡೆಯುವುದಿಲ್ಲ. ಆ ಗುಡ್ಡಕ್ಕೆ ಬೆಂಕಿ ಹಚ್ಚಿದವನೇ ನಿಂತು ಆರಿಸಬೇಕು. ಆಕಿಬ್ ಎಲ್ಲರೆದುರು ಹೇಳಬೇಕು. ಹೇಳಿದರೆ ಅವನ ಜೀಪಿಗೆ ಆಮೇಲೆ ಯಾರೂ ಹತ್ತುವುದಿಲ್ಲ, ನನಗೆ ಗೊತ್ತು. ಹೇಳದಿದ್ದರೆ ರಾಮಮ್ಮ ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಬೇಕು?

ಇದನ್ನು ನಾನು ಅವನಿಗೆ ಹೇಳಲಾರೆ. ನೀನು ಹೇಳಬಲ್ಲೆಯಾ, ಅದೂ ತಿಳಿಯದು. ಕೂತಲ್ಲಿ ಕೂರಲಾಗುತ್ತಿಲ್ಲ.

ನಿನ್ನ,
ಅಂಬುಜಾ


ಕಳಸ
24 ಅಕ್ಟೋಬರ್ 2002

ಅಂಬುಜಾ,

ತನಿಖೆ ಮುಗಿಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಿನ್ನ ಕಾಗದವನ್ನು ಆಕಿಬನ ತಟ್ಟೆಯ ಪಕ್ಕ ಇಟ್ಟಿದ್ದೆ. ಓದಿದ. “ಹಾಗಾದ್ರೆ ನಾನು ಸುಳ್ಳುಗಾರ ಅಂತ ಬೋರ್ಡ್ ಹಾಕ್ಕೊಂಡು ತಿರುಗ್ಬೇಕಾ?” ಎಂದು ಎದ್ದುಹೋದ. ಆಮೇಲೆ ಆ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತನಿಖೆಯ ದಿನ ಬರುತ್ತಾನೋ ಇಲ್ಲವೋ ಎಂದು ನನಗೇ ಗೊತ್ತಿರಲಿಲ್ಲ. ನಾನು ಬಸ್ಸಿನಲ್ಲಿ ಸಂಸೆಗೆ ಹೋದೆ.

ಲೈನಿನ ಎದುರಿನ ಕಣದಲ್ಲಿ ಕುರ್ಚಿ ಹಾಕಿದ್ದರು. ಸಾಹೇಬರು, ನಕ್ಷೆ ಹಿಡಿದ ಗುಮಾಸ್ತ, ಶಾಂತವೀರಪ್ಪ, ಅವರ ವಕೀಲ. ವಕೀಲ ಮೊದಲು ರಾಮಮ್ಮನನ್ನೇ ಕರೆದ.

“ರಾತ್ರಿ ಗುಡ್ಡದಿಂದ ಗುಡುಗುಡು ಸದ್ದು ಬರುತ್ತೆ ಅಂತ ಪ್ರವಾಸಿಗರ ಹತ್ರ ಹೇಳಿದ್ದು ನೀವೇ ತಾನೇ?”

“ಹೌದು ಸ್ವಾಮಿ.”

“ಸದ್ದು ಬರುತ್ತಾ ಇಲ್ವಾ?”

“ಬರ್ತದೆ. ಅದು ಇವ್ರು ಗೊರಕೆ ಹೊಡೆಯೋದು.” ಪಕ್ಕದಲ್ಲಿದ್ದ ಚೌಡಯ್ಯನನ್ನು ತೋರಿಸಿದಳು. “ಗುಡ್ಡದ್ದು ಅಂದ್ರೆ ಕಡುಬು ಹೋಗ್ತದೆ, ಗಂಡನದ್ದು ಅಂದ್ರೆ ಹೋಗ್ತದಾ?”

ಚೌಡಯ್ಯ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಸಾಹೇಬರಿಗೂ ನಗು ಬಂತು. ವಕೀಲ ಮಾತ್ರ ಬಿಡಲಿಲ್ಲ. “ನಗುವ ವಿಷಯ ಅಲ್ಲ ಸಾರ್. ಬೋರ್ಡ್ ಇದೆ, ಪತ್ರಿಕೆಯ ವರದಿ ಇದೆ. ನಾಳೆ ಏನಾದ್ರೂ ಆದ್ರೆ ನನ್ನ ಕಕ್ಷಿದಾರರು ಹೊಣೆಯಲ್ಲ.”

ಆಗ ಜೀಪಿನ ಸದ್ದು ಕೇಳಿತು. ಆಕಿಬ್ ಇಳಿದು ಬಂದ. ನನ್ನ ಕಡೆ ನೋಡಲಿಲ್ಲ.

“ಬೋರ್ಡ್ ಹಾಕಿದ್ದು ನೀನೇನಪ್ಪಾ?” ಸಾಹೇಬರು ಕೇಳಿದರು.

“ಹೌದು ಸಾರ್.”

“ಜ್ವಾಲಾಮುಖಿ ಅಂತ ನಿಂಗೆ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ ಸಾರ್. ನಾನೇ ಇಟ್ಟದ್ದು. ಜನ ಬರ್ಲಿ ಅಂತ.”

“ಮತ್ತೆ ಅದೇನು?”

ಅವನು ತಲೆಯೆತ್ತಿ ಒಮ್ಮೆ ಗುಡ್ಡ ನೋಡಿದ. ಅವನ ಜೀಪಿನಲ್ಲಿ ಬಂದಿದ್ದ ಬೆಂಗಳೂರಿನ ಇಬ್ಬರು ಅಲ್ಲೇ ಕ್ಯಾಮೆರಾ ಹಿಡಿದು ನಿಂತಿದ್ದರು. ಅವರೆದುರೇ ಹೇಳಿದ: “ಎಂತದೂ ಇಲ್ಲ ಸಾರ್. ಬರೀ ಗುಡ್ಡ.”

ಗುಮಾಸ್ತ ನಕ್ಷೆಯ ಮೇಲೆ ಬಗ್ಗಿ ಬೆರಳಿಟ್ಟ. “ಸರಿಯಾಗಿದೆ ಸಾರ್. ನಮ್ಮ ಹಳೇ ನಕ್ಷೇಲೂ ಹಾಗೇ ಇದೆ. ಬರೆಗುಡ್ಡ.”

ಮೊದಲು ನಕ್ಕವಳು ರಾಮಮ್ಮ, ಆಮೇಲೆ ಇಡೀ ಲೈನು. ಯೋಚಿಸು ಅಂಬುಜಾ, ಯಾವುದೋ ಕಾಲದಲ್ಲಿ ಅಳತೆಗೆ ಬಂದ ಬ್ರಿಟಿಷ್ ದೊರೆ ಯಾರನ್ನೋ ಕೇಳಿರಬೇಕು, ಇದೇನು ಎಂದು. ಅವನೂ ಬರೀ ಗುಡ್ಡ ಸ್ವಾಮಿ ಎಂದಿರಬೇಕು. ದೊರೆ ಅದನ್ನೇ ಹೆಸರೆಂದು ಬರೆದುಕೊಂಡು ಹೋಗಿದ್ದಾನೆ. ನಮ್ಮ ಒರಳುಗುಡ್ಡ ಸರ್ಕಾರದಲ್ಲಿ ಎಂದೂ ಇರಲೇ ಇಲ್ಲ.

ಮೊನ್ನೆ ಆದೇಶ ಬಂತು. ಬರೆಗುಡ್ಡ ಸಾಮಾನ್ಯ ಗುಡ್ಡ, ಜ್ವಾಲಾಮುಖಿ ಎನ್ನಲು ಆಧಾರವಿಲ್ಲ, ಅಪಾಯದ ಕಾರಣಕ್ಕೆ ಲೈನು ತೆರವು ಮಾಡುವಂತಿಲ್ಲ. ಶಾಂತವೀರಪ್ಪನವರಿಗೂ ಆಸೆ ಇಳಿದಿದೆ. ಬರೀ ಗುಡ್ಡ ನೋಡಲು ಕಾಟೇಜಿಗೆ ಯಾರು ಬರುತ್ತಾರೆ?

ಆಕಿಬ್ ಬೋರ್ಡು ಕಿತ್ತು ತಂದು ಗ್ಯಾರೇಜಿನ ಹಿಂದೆ ಒರಗಿಸಿದ್ದಾನೆ. ಬೆಂಗಳೂರಿನವರು ಅವತ್ತೇ ಬೈದು ಬಸ್ಸು ಹತ್ತಿದರು. ಈಗ ಜೀಪಿನಲ್ಲಿ ಮೆಣಸಿನ ಚೀಲ ಸಾಗಿಸುತ್ತಾನೆ. ಮನೆಯಲ್ಲಿ ಊಟ ಮಾಡುತ್ತಾನೆ, ಮಾತಾಡುವುದಿಲ್ಲ. ನಿನ್ನ ಹೆಸರಂತೂ ಎತ್ತುವ ಹಾಗಿಲ್ಲ.

ಒಂದೇ ಕೋರಿಕೆ. ನೀನು ಈಗ ಪೆನ್ನು ಹಿಡಿದಿರುತ್ತೀಯ, ಬರೆಗುಡ್ಡ ತಪ್ಪು, ಒರಳುಗುಡ್ಡ ಸರಿ ಎಂದು. ದಯವಿಟ್ಟು ಬೇಡ. ಒರಳು ಎಂದರೆ ಕುಳಿ ನೆನಪಾಗುತ್ತದೆ, ಕುಳಿ ಎಂದರೆ ಮತ್ತೆ ಯಾರಾದರೂ ಜೀಪು ಹತ್ತುತ್ತಾರೆ. ಹೆಸರಿಲ್ಲದ ಗುಡ್ಡದ ಕೆಳಗೆ ರಾಮಮ್ಮ ನೆಮ್ಮದಿಯಾಗಿ ಇರಲಿ.

ನಿನ್ನ,
ಜಮೀಲಾ


ಗೋಣಿಬೀಡು
1 ಡಿಸೆಂಬರ್ 2002

ಜಮೀಲಾ,

ನಿನಗೆ ನನ್ನ ಬುದ್ಧಿ ಚೆನ್ನಾಗಿ ಗೊತ್ತು. ನಿನ್ನ ಕಾಗದ ಬರುವ ಮೊದಲೇ ಆದೇಶದ ಸುದ್ದಿ ಓದಿ ಬರೆದು ಮುಗಿಸಿದ್ದೆ. ಪತ್ರಿಕೆಗೊಂದು, ಸರ್ವೆ ಇಲಾಖೆಗೊಂದು. ಜನ ತಲೆತಲಾಂತರದಿಂದ ಕರೆದ ಹೆಸರನ್ನು ಬಿಟ್ಟು, ಯಾರೋ ಕೇಳಿಸಿಕೊಂಡ ತಪ್ಪನ್ನು ಸರ್ಕಾರ ಇನ್ನೂ ಎಷ್ಟು ವರ್ಷ ಹೊತ್ತು ತಿರುಗಬೇಕು ಎಂದು ಕೇಳಿದ್ದೆ. ಚೆನ್ನಾಗಿಯೇ ಬಂದಿತ್ತು. ಅಂಚೆ ಹಾಕಲಿಲ್ಲ. ಒಂದು ತಿಂಗಳಿನಿಂದ ಆ ಲಕೋಟೆಗಳನ್ನು ಮೇಜಿನಿಂದ ಕಪಾಟಿಗೆ, ಕಪಾಟಿನಿಂದ ಮೇಜಿಗೆ ಇಡುತ್ತಿದ್ದೇನೆ. ನಿನ್ನ ಮೇಲೆ ಸಿಟ್ಟು ಬರುತ್ತದೆ. ಸತ್ಯ ಗೊತ್ತಿದ್ದೂ ಸುಮ್ಮನಿರುವುದನ್ನು ನಾನು ಎಂದೂ ಕಲಿತಿಲ್ಲ, ಈ ವಯಸ್ಸಿನಲ್ಲಿ ಕಲಿಯುವುದು ಮೈಗೆ ಒಗ್ಗುತ್ತಿಲ್ಲ.

ನಿನ್ನೆ ಮಂಗಳೂರಿನಿಂದ ಇಬ್ಬರು ಬಂದಿದ್ದರು. ಒಳ್ಳೆಯ ಜನ, ಓದಿದವರು. ಘಟ್ಟದ ಚಾರಣದ ದಾರಿಗಳ ಬಗ್ಗೆ ಪುಸ್ತಕ ಮಾಡುತ್ತಿದ್ದಾರಂತೆ. ಒಂದೊಂದು ಬೆಟ್ಟದ ನಿಜವಾದ ಹೆಸರನ್ನೇ ಹಾಕಬೇಕು ಎಂಬ ಹಟ ಅವರದು. ಈ ಸೀಮೆಯ ಹೆಸರುಗಳ ನೆನಪು ನಿಮಗಿದ್ದಷ್ಟು ಇನ್ನಾರಿಗೂ ಇಲ್ಲವೆಂದು ಕೇಳಿ ಬಂದೆವು ಎಂದರು. ಇಂಥವರು ಒಂದು ದಿನ ಬರಲಿ ಎಂದು ನಾನು ಎಷ್ಟು ವರ್ಷ ಕಾದಿದ್ದೆ, ನಿನಗೆ ಗೊತ್ತು. ಕಾಫಿ ಕೊಟ್ಟೆ. ಮಧ್ಯಾಹ್ನವೆಲ್ಲ ಹೇಳಿದೆ, ಅವರು ಬರೆದುಕೊಂಡರು. ಯಾವುದು ಕಲ್ಲು, ಯಾವುದು ಗಿರಿ, ಯಾವುದು ಬರೀ ಬಾಯಲ್ಲಿ ಉಳಿದು ನಕ್ಷೆಗೆ ಹತ್ತದ್ದು, ಎಲ್ಲ.

ಹೊರಡುವ ಮೊದಲು ಅವರಲ್ಲಿ ಹಿರಿಯರು ಚೀಲದಿಂದ ಒಂದು ಫೋಟೋ ತೆಗೆದು ತೋರಿಸಿದರು. “ಇದೊಂದು ಉಳೀತು ಮೇಡಂ. ಸಂಸೆ ಹತ್ತಿರ. ಮೇಲೆ ದುಂಡಗೆ ಒಂದು ಕುಳಿ ಇದೆ, ಬಹಳ ಚೆಂದ. ಇದರ ಹೆಸರೇನು?”

ಫೋಟೋದಲ್ಲಿ ಕುಳಿಯ ತುಂಬ ನೀರಿತ್ತು, ಆಕಾಶ ಕಾಣುತ್ತಿತ್ತು. ಕೆಳಗೆ ಒಂದು ಮೂಲೆಯಲ್ಲಿ ಲೈನಿನ ಹೆಂಚು.

“ಅದಾ? ಬರೆಗುಡ್ಡ” ಎಂದೆ.

ಅವರು ಬರೆದುಕೊಳ್ಳುತ್ತಾ ಕೇಳಿದರು, “ಬರೀನೋ, ಬರೆನೋ ಮೇಡಂ?”

“ಬರೆ,” ಎಂದೆ. “ರಕಾರಕ್ಕೆ ಎತ್ವ.”

ಅಂಬುಜಾ